ಮುನ್ನೂರು ಪದಗಳ ಕೆರೆ

ಚಪ್ಪಲಿ ಏರಿಯ ಮೇಲೆಯೇ ಬಿಟ್ಟು ಇಳಿಯಿರಿ. ಮೇಲಿಂದ ನೋಡಿದರೆ ಒಣಗಿ ಬಿರುಕುಬಿಟ್ಟ ನೆಲ. ನಾಲ್ಕು ಹೆಜ್ಜೆ ಒಳಗೆ ಹೋದರೆ ಪಾದದಡಿ ಇನ್ನೂ ಹಸಿ ಇದೆ, ತಣ್ಣಗಿದೆ, ಬೆರಳ ಸಂದಿಯಿಂದ ಮೇಲಕ್ಕೆ ನುಗ್ಗುತ್ತದೆ. ಪಾವಗಡ ತಾಲ್ಲೂಕಿನ ಒಂದು ಊರು, ಕಾರ್ತಿಕದ ಬೆಳಗು. ಈ ಹೊತ್ತಿಗೆ ನೀವು ನಿಂತ ಜಾಗದಲ್ಲಿ ನಿಮ್ಮ ತಲೆ ಮುಳುಗುವಷ್ಟು ನೀರಿರಬೇಕಿತ್ತು. ಇರುವುದು ಸೀಮೆಜಾಲಿ. ಅದರ ಮುಳ್ಳಿಗೆ ಪಂಚೆಯ ಅಂಚು ಸಿಕ್ಕಿ ಪರ್ರೆಂದು ಹರಿಯುತ್ತದೆ. ಕೊಳೆತ ಜೊಂಡಿನ ವಾಸನೆ, ಎಮ್ಮೆ ಸಗಣಿಯ ವಾಸನೆ, ಊರ ಕಡೆಯಿಂದ ಯಾರದೋ ಬಚ್ಚಲೊಲೆಯ ಹೊಗೆ.

ಮುಂದೆ ನೀರಗಂಟಿ ತಾತ ನಡೆಯುತ್ತಿದ್ದಾರೆ, ಕೈಯಲ್ಲಿ ಕಬ್ಬಿಣದ ಸಲಾಕೆ. ಸಲಾಕೆಗೆ ಅಡಿಗೊಂದು ಕೆಂಪು ಗೆರೆ ಎಳೆದಿದೆ. ನಿಂತು, ಎರಡೂ ಕೈಯಿಂದ ಹಿಡಿದು ನೆಲಕ್ಕೆ ಒತ್ತುತ್ತಾರೆ. ಮೊದಲು ಮೆತ್ತಗೆ ಇಳಿಯುತ್ತದೆ, ಆಮೇಲೆ ಟಕ್ಕೆಂದು ನಿಲ್ಲುತ್ತದೆ. ಆ ಸದ್ದು ನಿಮ್ಮ ಹಲ್ಲಿಗೂ ತಾಗುತ್ತದೆ.

“ಇದೇ ಹಳೇ ನೆಲ. ಇದರ ಮ್ಯಾಲಿರೋದೆಲ್ಲಾ ಗೋಡು. ಮೂರೂವರೆ ಅಡಿ ಬರ್ಕೊಳ್ಳಿ ಮೇಷ್ಟ್ರೇ.”

ಬರೆದುಕೊಳ್ಳುತ್ತೀರಿ. ಹೈಸ್ಕೂಲಿನಿಂದ ನಿವೃತ್ತರಾದರೂ ಊರಿಗೆ ನೀವು ಈಗಲೂ ಮೇಷ್ಟ್ರು. ಊರ ಸಣ್ಣ ಸಂಘದ ಕಾರ್ಯದರ್ಶಿಯೂ ಹೌದು. ಸಂಘದ ಖಾತೆಯಲ್ಲಿರುವ ಹಣ ಹಿಟಾಚಿಯನ್ನು ಎರಡು ದಿನ ಓಡಿಸಲೂ ಸಾಲದು. ನಾಳೆ ರಾತ್ರಿ 11 ಗಂಟೆ 59 ನಿಮಿಷಕ್ಕೆ ಬೆಂಗಳೂರಿನ ಒಂದು ಫೌಂಡೇಶನ್ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಆ ಅರ್ಜಿಯ ಮೊದಲ ಪ್ರಶ್ನೆ ನಿಮ್ಮನ್ನು ಇಲ್ಲಿಗೆ ಎಳೆದು ತಂದಿದೆ. ‘ನಿಮ್ಮ ಸಮುದಾಯದ ಸಮಸ್ಯೆಯನ್ನು 300 ಪದಗಳಿಗೆ ಮೀರದಂತೆ ವಿವರಿಸಿ.’ ಕೆರೆಯಲ್ಲಿ ಗೋಡು, ಅಂದರೆ ಹೂಳು, ತುಂಬಿಹೋಗಿದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಎಷ್ಟು ತುಂಬಿದೆ ಎಂದು ಕೇಳಿದರೆ ಎಲ್ಲರೂ ಕೈ ಎತ್ತಿ ತೋರಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಎತ್ತರ.

ಅದಕ್ಕೇ ಸಲಾಕೆ. ತೂಬಿನಿಂದ ಹಿಡಿದು ಜಾಲಿ ಪೊದೆಯವರೆಗೆ, ಅಲ್ಲಿಂದ ಕೋಡಿಯ ಕಡೆಗೆ, ಹಗ್ಗ ಹಿಡಿದು ಸಮ ದೂರದಲ್ಲಿ ಒತ್ತುತ್ತಾ ಹೋಗುತ್ತೀರಿ. ಬಿಸಿಲೇರಿದೆ. ಕತ್ತಿನ ಹಿಂದೆ ಉರಿ, ಸೊಂಟದಲ್ಲಿ ನೋವು, ಹಿಮ್ಮಡಿಯಲ್ಲಿ ಮುರಿದ ಮುಳ್ಳು. ಆದರೆ ನೋಟ್‌ಬುಕ್ಕಿನಲ್ಲಿ ಅಂಕಿಗಳು ಸಾಲಾಗಿ ನಿಲ್ಲುತ್ತಿವೆ. ಒಂದು ಹೆಕ್ಟೇರ್ ವಿಸ್ತೀರ್ಣದಲ್ಲಿ ಒಂದಡಿ ಗೋಡು ತೆಗೆದರೆ ಸುಮಾರು 3,000 ಘನ ಮೀಟರ್, ಅಂದರೆ 30 ಲಕ್ಷ ಲೀಟರ್ ನೀರಿಗೆ ಜಾಗ. ಒಂದು ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೆ ಸಾವಿರ ಲೋಡು. ಈ ಲೆಕ್ಕ ಯಾವ ಇಂಜಿನಿಯರೂ ಬಂದು ಮಾಡಿಕೊಡಬೇಕಿಲ್ಲ. ಎಂಟನೇ ತರಗತಿಗೆ ನೀವೇ ಹೇಳಿಕೊಟ್ಟದ್ದು.

“ಏರಿ ಬುಡದಾಗೆ ಮಾತ್ರ ಅಗೀಬ್ಯಾಡ್ರಿ,” ತಾತ ಸಲಾಕೆ ಒರೆಸುತ್ತಾ ಹೇಳುತ್ತಾರೆ. “ಹಳೇ ನೆಲಾನೂ ಒಡೀಬ್ಯಾಡ್ರಿ. ಒಡುದ್ರೆ ನಿಂತ ನೀರೂ ನಿಲ್ಲಾಕಿಲ್ಲ.”

ಅದನ್ನೂ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ತೂಬಿನ ಕಲ್ಲಿನ ಮೇಲೆ ಕೂತು ನೀರು ಕುಡಿಯುವಾಗ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಹೆಸರುಗಳಿವೆ, ಹಲವಕ್ಕೆ ಅಡ್ಡಗೆರೆ ಬಿದ್ದಿದೆ. ಫೋರ್ಡ್ ಫೌಂಡೇಶನ್, 1952ರಿಂದ ದೆಹಲಿಯಲ್ಲಿ ಕಚೇರಿ ಇದೆ, ಅಡ್ಡಗೆರೆ. ವಿದೇಶದ ಹಣ ಮುಟ್ಟಲು 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಬೇಕು, ನಿಮ್ಮ ಸಂಘಕ್ಕಿಲ್ಲ. ನೋಂದಣಿ ಇರುವ ದೊಡ್ಡ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ತನಗೆ ಬಂದ ವಿದೇಶಿ ಹಣದಲ್ಲಿ ಇನ್ನೊಂದು ಸಂಸ್ಥೆಗೆ ಪಾಲು ಕೊಡುವಂತಿಲ್ಲ. ಸರ್ ರತನ್ ಟಾಟಾ ಟ್ರಸ್ಟ್ 1919ರದ್ದು, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರದ್ದು, ಎರಡರದ್ದೂ ದೇಶದಗಲದ ಕೆಲಸ; ಒಂದೇ ಒಂದು ಕೆರೆ ಹಿಡಿದುಕೊಂಡು ಆ ಬಾಗಿಲಿಗೆ ನೇರವಾಗಿ ಹೋಗಬಹುದೇ ಎಂದು ಪ್ರಶ್ನೆಚಿಹ್ನೆ ಹಾಕಿದ್ದೀರಿ. ರೋಹಿಣಿ ನಿಲೇಕಣಿ 2001ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅರ್ಘ್ಯಂ ನೀರಿಗೇ ಮೀಸಲು. ಅದರ ಗಮನ ಈಗ ಯಾವ ಕಡೆಗಿದೆ ಎಂದು ಓದಿಕೊಳ್ಳದೆ ಹೋಗಬಾರದು ಎಂದು ಪಕ್ಕದಲ್ಲಿ ಬರೆದಿದೆ. ಮುಂಬೈಯ ಎ.ಟಿ.ಇ. ಚಂದ್ರ ಫೌಂಡೇಶನ್ ಹೂಳೆತ್ತುವ ಕೆಲಸಕ್ಕೇ ಒತ್ತು ಕೊಟ್ಟಿರುವುದನ್ನು ನೋಡಿ ಕೆಳಗೆ ಗೆರೆ ಎಳೆದಿದ್ದೀರಿ. ಮಹಾರಾಷ್ಟ್ರದಲ್ಲಿ 2017ರಿಂದ ಸರ್ಕಾರವೇ ನಡೆಸಿದ ಹೂಳೆತ್ತುವ ಯೋಜನೆಯ ಪದ್ಧತಿಯನ್ನೂ ಅಲ್ಲೇ ಗುರುತು ಹಾಕಿಕೊಂಡಿದ್ದೀರಿ: ಯಂತ್ರದ ಖರ್ಚು ಹೊರಗಿನಿಂದ ಬರಲಿ, ಗೋಡನ್ನು ರೈತರು ತಮ್ಮ ಖರ್ಚಿನಲ್ಲಿ ತಮ್ಮ ಹೊಲಕ್ಕೆ ಹೊಡೆದುಕೊಳ್ಳಲಿ.

ಕೊನೆಗೆ ಉಳಿದ ಹೆಸರು ಒಂದು, ನಾಳೆ ಅರ್ಜಿ ಮುಚ್ಚುವ ಬೆಂಗಳೂರಿನ ಆ ಫೌಂಡೇಶನ್. ದೊಡ್ಡದೆಂದು ಅದನ್ನು ಆರಿಸಲಿಲ್ಲ. ಹಿಂದಿನ ವರ್ಷಗಳಲ್ಲಿ ಅದರಿಂದ ಹಣ ಪಡೆದವರ ಪಟ್ಟಿಯಲ್ಲಿ ನಿಮ್ಮಷ್ಟೇ ಸಣ್ಣ ಸಂಘಗಳು ಇದ್ದವು. ಅವುಗಳಲ್ಲೊಂದರ ಕಾರ್ಯದರ್ಶಿಗೆ ಫೋನು ಮಾಡಿದಾಗ ಅವರು ಹೇಳಿದ್ದು ಇಷ್ಟೇ: “ದೊಡ್ಡದಾಗಿ ಬರೀಬೇಡಿ ಸಾರ್. ಅವರು ಬಂದು ನೋಡ್ತಾರೆ.” ಅನುದಾನ ಹುಡುಕುವವರು ಫೌಂಡೇಶನ್ನಿಗೆ ಫೋನು ಮಾಡುವ ಮೊದಲು ಅದರಿಂದ ಹಣ ಪಡೆದವರಿಗೆ ಫೋನು ಮಾಡಬೇಕು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ರಾತ್ರಿ. ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆ, ಮೇಲೆ ಶೀಟು. ಟ್ಯೂಬ್‌ಲೈಟಿನ ಸುತ್ತ ಹುಳುಗಳು. ಲೆಕ್ಕ ಬರೆಯುವ ಹುಡುಗಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ, ಬಿ.ಕಾಂ. ಓದಿದವಳು, ಸಂಘದ ಪುಸ್ತಕಗಳೆಲ್ಲ ಅವಳ ಕೈಯಲ್ಲೇ ಇವೆ. ಅರ್ಜಿ ಇಂಗ್ಲಿಷಿನಲ್ಲಿ ಹೋಗಬೇಕು. ನೀವು ಕನ್ನಡದಲ್ಲಿ ಹೇಳುತ್ತೀರಿ, ಅವಳು ಬರೆಯುತ್ತಾಳೆ. ಮೊದಲ ಪ್ರಯತ್ನದಲ್ಲಿ ನಿಮ್ಮ ಬಾಯಿಂದ ಬಂದದ್ದು ಭಾಷಣ: ಗ್ರಾಮೀಣ ಸಮುದಾಯದ ಸಮಗ್ರ, ಸುಸ್ಥಿರ ಅಭಿವೃದ್ಧಿ. ಅವಳ ಬೆರಳು ಕೀಲಿಗಳ ಮೇಲೆಯೇ ನಿಲ್ಲುತ್ತದೆ.

“ಸಾರ್, ಇದರಲ್ಲಿ ನಮ್ಮ ಕೆರೆ ಎಲ್ಲಿದೆ?”

ಮುಖ ಬಿಸಿಯಾಗುತ್ತದೆ. ಅಳಿಸಿ ಎನ್ನುತ್ತೀರಿ. ಕಣ್ಣು ಮುಚ್ಚಿ ಬೆಳಗಿನ ಗೋಡನ್ನು ನೆನೆಯುತ್ತೀರಿ. ಕೆರೆಯ ಅಚ್ಚುಕಟ್ಟು ಎಷ್ಟು, ಅದರಲ್ಲಿ ಈಗ ನೀರು ಕಾಣುವುದು ಎಷ್ಟು. ಎಷ್ಟು ಮನೆ, ಎಷ್ಟು ತೆರೆದ ಬಾವಿ, ಅವುಗಳಲ್ಲಿ ಯಾವುವು ಬೇಸಿಗೆಯಲ್ಲಿ ಬತ್ತುತ್ತವೆ. ಗೋಡು ಸರಾಸರಿ ಎಷ್ಟು ಅಡಿ, ಯಾರು ಅಳೆದರು, ಹೇಗೆ ಅಳೆದರು. ಕೆರೆ ಯಾರ ಸುಪರ್ದಿಯಲ್ಲಿದೆ. ಈ ಕೊನೆಯದನ್ನು ಮರೆತ ಅರ್ಜಿಗಳು ಎಷ್ಟೋ ಬಿದ್ದುಹೋಗುತ್ತವೆ. ನಮ್ಮ ರಾಜ್ಯದಲ್ಲಿ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದ್ದು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ. ನಿಮ್ಮದು ಸಣ್ಣದು. ಪಿಡಿಒ ಸಹಿ ಮಾಡಿದ ಒಪ್ಪಿಗೆ ಪತ್ರ ಫೈಲಿನಲ್ಲಿದೆ. ಅದಕ್ಕಾಗಿ ಗ್ರಾಮಸಭೆಯಲ್ಲಿ ಠರಾವು ಮಾಡಿಸಿದ್ದೀರಿ.

“ಗೆದ್ದದ್ದು ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದಾರೆ ಸಾರ್.”

“ಇಷ್ಟು ಲೋಡು ಗೋಡು ತೆಗೆದೆವು ಅಂತ ಬರಿ.”

ಅವಳು ಬರೆಯುವುದಿಲ್ಲ. “ಅದು ನಾವು ಮಾಡಿದ ಕೆಲಸ ಆಯ್ತು. ಊರಿಗೆ ಏನಾಯ್ತು?”

ಫ್ಯಾನು ಕಿರುಗುಟ್ಟುತ್ತದೆ. ನೀವು ಯೋಚಿಸುತ್ತೀರಿ. ಹತ್ತಿರದ ಬಾವಿಗಳಿಗೆ ಹಗ್ಗ ಬಿಟ್ಟು ತಿಂಗಳಿಗೊಮ್ಮೆ ನೀರಿನ ಆಳ ಅಳೆದರೆ? ಕೆಲಸಕ್ಕೆ ಮೊದಲಿನ ವರ್ಷ, ನಂತರದ ವರ್ಷ. ಮಳೆ ಕೈಕೊಟ್ಟರೆ ಅಂಕಿ ಏರುವುದಿಲ್ಲ. ಅದನ್ನೂ ಮೊದಲೇ ಬರೆಯಬೇಕು. ಬರೆಸುತ್ತೀರಿ. ಮಳೆ ಬರದಿದ್ದರೆ ಬಾವಿ ತುಂಬುವುದಿಲ್ಲ, ಆದರೂ ಗೋಡು ಬಿದ್ದ ಹೊಲದ ಮಣ್ಣು ಬೇರೆಯಾಗಿರುತ್ತದೆ. ಆ ವಾಕ್ಯ ಹಣ ಕೊಡುವವರನ್ನು ಹೆದರಿಸಬಹುದು ಎಂಬ ಭಯ ಹೊಟ್ಟೆಯೊಳಗೆ ತಣ್ಣಗೆ ಕೂರುತ್ತದೆ. ಬಿಡುತ್ತೀರಾ, ಇಡುತ್ತೀರಾ? ಇಡುತ್ತೀರಿ.

ಮಾರನೆಯ ರಾತ್ರಿ ಬಜೆಟ್ಟಿನ ಹಾಳೆ. ಹಿಟಾಚಿ ಗಂಟೆಗೆ ಇಷ್ಟು, ಡೀಸೆಲ್ ಸೇರಿ. ತೂಬಿನ ರಿಪೇರಿ. ಜಾಲಿ ಬೇರುಸಹಿತ ಕೀಳಿಸಲು ಕೂಲಿ. ಪೋಷಕ ಕಾಲುವೆಯ ಮಣ್ಣೆತ್ತಲು ಇಷ್ಟು. ಪಕ್ಕದ ಕಂಬಸಾಲಿನಲ್ಲಿ ರೈತರ ಪಾಲು: ಯಾರು ಎಷ್ಟು ಲೋಡು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಡೆದುಕೊಳ್ಳುತ್ತಾರೆ, ಸಹಿ ಇದೆ, ಹೆಬ್ಬೆಟ್ಟಿದೆ. ಆಮೇಲೆ ಒಂದು ಸಾಲು ಖಾಲಿ. ಸಿಬ್ಬಂದಿ.

ಸಂಘದ ಅಧ್ಯಕ್ಷೆಯ ಫೋನು ಬರುತ್ತದೆ. “ಮೇಷ್ಟ್ರೇ, ಸಂಬಳ ಗಿಂಬಳ ಅಂತ ಹಾಕಬೇಡಿ. ಸಂಬಳಕ್ಕೆ ದುಡ್ಡು ಕೇಳಿದ್ರೆ ಅರ್ಜೀನೇ ಬಿಸಾಕ್ತಾರೆ. ಜೆಸಿಬಿ ಲೆಕ್ಕದಾಗೆ ಸೇರಿಸಿಬಿಡಿ, ಆಮೇಲೆ ನೋಡ್ಕೊಳ್ಳಾನ.”

ಫೋನಿನ ಸದ್ದು ಜೋರು. ಹುಡುಗಿಗೆ ಕೇಳಿಸಿದೆ. ಅವಳು ತಲೆ ಎತ್ತುವುದಿಲ್ಲ, ಸ್ಕ್ರೀನಿನ ಬೆಳಕಿನಲ್ಲಿ ಅವಳ ಕಿವಿಯ ಸಣ್ಣ ಓಲೆ ಮಾತ್ರ ಕಾಣುತ್ತದೆ. ದಸರೆಯಿಂದ ಅವಳಿಗೆ ಸಂಘ ಏನೂ ಕೊಟ್ಟಿಲ್ಲ. ನಿಮ್ಮ ಗಂಟಲು ಒಣಗುತ್ತದೆ. ಸುಳ್ಳು ಸಣ್ಣದು, ಯಂತ್ರದ ಗಂಟೆಗಳನ್ನು ಸ್ವಲ್ಪ ಏರಿಸಿದರೆ ಆಯಿತು. ಆದರೆ ಲೋಡಿನ ಚೀಟಿ ಬರೆಯುವವರು ಯಾರು? ಗಂಟೆ ಮೀಟರ್ ನೋಡುವವರು ಯಾರು? ಖರ್ಚಾದ ಹಣದ ಪತ್ರ ಹೊಂದಿಸಿ, ವೋಚರು ಅಂಟಿಸಿ, ವರದಿ ಕಳಿಸುವವರು ಯಾರು? ಈ ಹುಡುಗಿ ಕಾಣದಿರುವ ಬಜೆಟ್ಟು ಸುಳ್ಳು ಬಜೆಟ್ಟು. ಕಂಪನಿ ಕಾಯ್ದೆಯ ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮದಲ್ಲಿ ಶೇಕಡಾ 5ರ ಮಿತಿ ಇದೆಯೆಂದು ಎಲ್ಲರೂ ಹೆದರುತ್ತಾರೆ. ಆ ಮಿತಿ ಕಂಪನಿ ತನ್ನ ಆಡಳಿತ ಖರ್ಚಿಗೆ ಹಾಕಿಕೊಳ್ಳಬೇಕಾದದ್ದು. ಕೆಲಸ ಮಾಡುವ ಸಂಸ್ಥೆಯ ಖರ್ಚು ಅದರೊಳಗೆ ಬರುವುದಿಲ್ಲ ಎಂದು ಕೇಂದ್ರ ಸಚಿವಾಲಯವೇ 2021ರಲ್ಲಿ ವಿವರಿಸಿದೆ. ಸಣ್ಣ ಸಂಘಗಳು ತಮ್ಮ ಜನರ ದುಡಿಮೆಯನ್ನು ಬಚ್ಚಿಟ್ಟು ಬಚ್ಚಿಟ್ಟು ಒಣಗಿಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

“ಬರಿಯಮ್ಮ,” ಎನ್ನುತ್ತೀರಿ. “ಲೆಕ್ಕ ಮತ್ತು ಉಸ್ತುವಾರಿ. ಒಬ್ಬರು. ಎಂಟು ತಿಂಗಳು.” ಸಂಬಳದ ಅಂಕಿಯನ್ನೂ ಹೇಳುತ್ತೀರಿ, ಅವಳಿಗೆ ನಿಜವಾಗಿ ಕೊಡಬೇಕಾದಷ್ಟು. ಅವಳು ಬರೆಯುತ್ತಾಳೆ. ಬರೆದಾದ ಮೇಲೆ ಒಮ್ಮೆ ಮೂಗು ಒರೆಸಿಕೊಳ್ಳುತ್ತಾಳೆ, ಅಷ್ಟೇ.

ಹತ್ತೂವರೆ. ದಾಖಲೆಗಳನ್ನು ಏರಿಸಬೇಕು. ಕಬ್ಬಿಣದ ಬೀರುವಿನ ಬಾಗಿಲು ಕಿರ್ರೆನ್ನುತ್ತದೆ, ನುಸಿಗುಳಿಗೆಯ ಘಾಟು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಮಾಣಪತ್ರ, ಇದೆ. ಬೈಲಾ, ಇದೆ. ಪ್ಯಾನ್, ಇದೆ. ಆದಾಯ ತೆರಿಗೆಯ 12ಎ, 80ಜಿ, ಇವೆ. ದರ್ಪಣ್ ನಂಬರು, ಇದೆ. ಸಿಎಸ್ಆರ್-1 ನೋಂದಣಿ, 2021ರ ಏಪ್ರಿಲ್‌ನಿಂದ ಕಂಪನಿಗಳ ಸಿಎಸ್ಆರ್ ಹಣ ಪಡೆಯುವ ಸಂಘಗಳಿಗೆಲ್ಲ ಕಡ್ಡಾಯ, ಅದೂ ಇದೆ. ಮೂರು ವರ್ಷದ ಆಡಿಟ್ ವರದಿ. ಒಂದು. ಮೂರು. ಎರಡನೆಯದರ ಸಹಿ ಹಾಳೆ ಇಲ್ಲ.

ಇಲ್ಲ. ಮತ್ತೆ ನೋಡುತ್ತೀರಿ. ಇಲ್ಲ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಉಪ್ಪಾಗುತ್ತದೆ. ಫೈಲುಗಳನ್ನು ನೆಲಕ್ಕೆ ಸುರಿಯುತ್ತೀರಿ. ರಸೀದಿ ಪುಸ್ತಕ, ಹಳೆಯ ಕರಪತ್ರ, ರಕ್ತದಾನ ಶಿಬಿರದ ಫೋಟೊ. ಹನ್ನೊಂದು ಹೊಡೆಯುತ್ತದೆ. ಮಧುಗಿರಿಯ ಆಡಿಟರ್ ಫೋನು ಎತ್ತುವುದಿಲ್ಲ. ಮತ್ತೆ ಮಾಡಿ. ಎತ್ತುವುದಿಲ್ಲ. ಹುಡುಗಿ ತನ್ನ ಮೊಬೈಲಿನಲ್ಲಿ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಮೇಲಕ್ಕೆ ತಳ್ಳುತ್ತಿದ್ದಾಳೆ. “ಬ್ಯಾಂಕಿಗೆ ಕೊಡೋವಾಗ ಫೋಟೊ ಹೊಡೆದಿದ್ದೆ ಸಾರ್, ಹೊಡೆದಿದ್ದೆ...” ಕರೆಂಟು ಹೋಗುತ್ತದೆ. ಕತ್ತಲು. ಲ್ಯಾಪ್‌ಟಾಪಿನ ಬ್ಯಾಟರಿ ಶೇಕಡಾ 14. ಅವಳ ಮೊಬೈಲಿನಿಂದ ಇಂಟರ್‌ನೆಟ್. ಸಿಕ್ಕಿತು. ಫೋಟೊ ಮಸುಕು, ಆದರೆ ಸಹಿ ಓದಬಹುದು, ಮೊಹರು ಓದಬಹುದು. ಏರಿಸು. ಸುತ್ತುತ್ತಿದೆ. ಸುತ್ತುತ್ತಲೇ ಇದೆ. ಬ್ಯಾಟರಿ 9. ನಿಮ್ಮ ಎದೆಬಡಿತ ಕಿವಿಯಲ್ಲಿ ಕೇಳುತ್ತಿದೆ. ಒಪ್ಪಿಸು ಎಂಬ ಗುಂಡಿಯ ಮೇಲೆ ಅವಳ ಬೆರಳು.

“ಒತ್ತಲಾ?”

“ಒತ್ತು.”

ಹಸಿರು ಅಕ್ಷರಗಳು ಬರುತ್ತವೆ. ಅರ್ಜಿ ತಲುಪಿದೆ. ಬೀದಿನಾಯಿ ಬೊಗಳುವುದು ಈಗ ನಿಮಗೆ ಕೇಳಿಸುತ್ತದೆ. ಅದು ಸಂಜೆಯಿಂದಲೂ ಬೊಗಳುತ್ತಲೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬಿಳಿ ಕಾರು ಊರೊಳಗೆ ಬರುತ್ತದೆ. ಇಳಿದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಫೌಂಡೇಶನ್ನಿನ ಪ್ರೋಗ್ರಾಂ ಆಫೀಸರ್. ಕಾಲಲ್ಲಿ ಶೂ, ಕೈಯಲ್ಲಿ ನಿಮ್ಮದೇ ಅರ್ಜಿಯ ಪ್ರತಿ, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಹಾರ ತಂದವರಿಗೆ ಅವರು ಕೈಮುಗಿದು ಬೇಡ ಎನ್ನುತ್ತಾರೆ. “ಸರ್, ನಡೆದುಕೊಂಡೇ ಹೋಗೋಣ.”

ದಾರಿಯಲ್ಲಿ ಶುದ್ಧ ನೀರಿನ ಘಟಕ. ಬೀಗ ಹಾಕಿದೆ, ಬೀಗಕ್ಕೆ ತುಕ್ಕು ಹಿಡಿದಿದೆ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಊರಿಗೆ ಹಿಂದೆ ಯಾರೋ ದಾನಿಗಳು ಕೊಟ್ಟದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಆಳದ ಬೋರ್‌ವೆಲ್‌ಗಳ ನೀರು ಈ ಸೀಮೆಯಲ್ಲಿ ಅದನ್ನು ಮೀರುವುದು ಹೊಸ ಸುದ್ದಿಯಲ್ಲ. ಅವರು ಬೀಗದ ಮುಂದೆ ನಿಲ್ಲುತ್ತಾರೆ.

“ಇದು ಯಾಕೆ ನಿಂತಿತು?”

“ಮೆಂಬ್ರೇನ್ ಹಾಳಾಯ್ತು ಮೇಡಂ. ಬದಲಾಯಿಸೋಕೆ ಯಾರ ಹತ್ರ ದುಡ್ಡಿದೆ ಅಂತ ಕೊಡುವಾಗ ಯಾರೂ ಕೇಳಿರಲಿಲ್ಲ.”

ಅವರು ಬರೆದುಕೊಳ್ಳುತ್ತಾರೆ. “ನಿಮ್ಮ ತೂಬು ಹಾಳಾದ್ರೆ?”

ಗೋಡು ಹೊಡೆದುಕೊಳ್ಳುವ ಪ್ರತಿ ರೈತನಿಂದ ಲೋಡಿಗೆ ಇಷ್ಟೆಂದು ಎತ್ತಿ ಬೇರೆ ಖಾತೆಯಲ್ಲಿ ಇಡುತ್ತೇವೆ ಎಂದು ಹೇಳುತ್ತೀರಿ. ಗ್ರಾಮಸಭೆಯ ಠರಾವಿನ ಪ್ರತಿ ತೋರಿಸುತ್ತೀರಿ. ಅವರು ಓದುತ್ತಾರೆ, ಪೂರ್ತಿ ಓದುತ್ತಾರೆ.

ಕೆರೆಯಂಚು. ಇಲ್ಲಿಗೆ ಬರುವುದೆಂದು ನಿಮಗೆ ಗೊತ್ತಿತ್ತು, ನಿನ್ನೆ ರಾತ್ರಿ ನಿದ್ದೆ ಬಾರದ್ದೂ ಇದಕ್ಕೇ. ಮೂಡಣ ಬದಿಯಲ್ಲಿ ಹಸಿರು ಪಟ್ಟೆ: ಟೊಮ್ಯಾಟೊ, ಡ್ರಿಪ್ ಪೈಪು, ಕಂಬಿಬೇಲಿ. ಮೇಡಂ ಮೊಬೈಲಿನಲ್ಲಿ ನಕ್ಷೆ ತೆರೆಯುತ್ತಾರೆ, ಬೇಲಿಯನ್ನು ನೋಡುತ್ತಾರೆ, ಮತ್ತೆ ನಕ್ಷೆ.

“ಇದು ಕೆರೆಯ ಗಡಿಯೊಳಗೇ ಇದೆ, ಅಲ್ವಾ ಸರ್?”

ಅದು ಅಧ್ಯಕ್ಷೆಯ ಮೈದುನನ ಒತ್ತುವರಿ. ಅಧ್ಯಕ್ಷೆ ನಿಮ್ಮ ಪಕ್ಕದಲ್ಲೇ ನಿಂತಿದ್ದಾರೆ. ಅವರ ಉಸಿರು ನಿಮಗೆ ಕೇಳಿಸುತ್ತದೆ. ಇಲ್ಲ ಎಂದರೆ ಇವತ್ತಿಗೆ ಪಾರು. ಹೌದು ಎಂದರೆ ಅರ್ಜಿ ಹೋಗಬಹುದು, ಸಂಘವೂ ಒಡೆಯಬಹುದು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಬಿಸಿಲು, ಟೊಮ್ಯಾಟೊ ಎಲೆಯ ಕಟು ವಾಸನೆ, ಯಾರೋ ಕೆಮ್ಮುತ್ತಾರೆ. ಅಂಗೈಯಲ್ಲಿ ನೋಟ್‌ಬುಕ್ಕಿನ ರಟ್ಟು ಒದ್ದೆಯಾಗುತ್ತಿದೆ.

“ಹೌದು ಮೇಡಂ. ಒತ್ತುವರಿ. ಸರ್ವೆ ಮಾಡಿಸಿ ಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೀವಿ. ಅದಾಗುವವರೆಗೆ ಈ ಬದಿಯಲ್ಲಿ ಯಂತ್ರ ಇಳಿಸಲ್ಲ. ಲೆಕ್ಕದಲ್ಲೂ ಈ ಜಾಗ ಸೇರಿಸಿಲ್ಲ.”

ಅಧ್ಯಕ್ಷೆ ಒಂದು ಮಾತೂ ಆಡದೆ ಏರಿಯ ಕಡೆಗೆ ಹೊರಟುಬಿಡುತ್ತಾರೆ. ಮೇಡಂ ಪೆನ್ಸಿಲಿನಿಂದ ಏನೋ ಬರೆಯುತ್ತಾರೆ, ತಲೆಯೆತ್ತುವುದಿಲ್ಲ. ಆಮೇಲೆ ನೀರಗಂಟಿ ತಾತನ ಬಳಿ ಹೋಗಿ ಗೋಡು ಎಲ್ಲಿಂದ ಎಲ್ಲಿಯವರೆಗೆ ತೆಗೆಯಬಹುದೆಂದು ಕೇಳುತ್ತಾರೆ. ತಾತ ಸಲಾಕೆ ತಂದು ಒತ್ತಿ ತೋರಿಸುತ್ತಾರೆ. ಏರಿ ಬುಡ ಬಿಡಬೇಕು, ಹಳೇ ನೆಲ ಒಡೆಯಬಾರದು. ಅರ್ಜಿಯಲ್ಲಿ ನೀವು ಬರೆದದ್ದೂ ಇದೇ, ತಾತನ ಬಾಯಲ್ಲಿ ಬಂದದ್ದೂ ಇದೇ. ಆಕೆ ಮೊದಲ ಸಲ ಕೆರೆಯೊಳಗೆ ಇಳಿಯುತ್ತಾರೆ, ಶೂ ಸಮೇತ.

ಹೊರಡುವಾಗ ಅವರು ಏನೂ ಹೇಳುವುದಿಲ್ಲ. ಚಹಾ ಕುಡಿದು ಹೋಗುತ್ತಾರೆ. ಫೆಬ್ರವರಿ ಪೂರ್ತಿ ಫೋನಿಲ್ಲ. ಕೆರೆಯ ಕೆಲಸಕ್ಕೆ ಇರುವುದು ಬೇಸಿಗೆ ಮಾತ್ರ. ಮುಂಗಾರು ಹನಿದರೆ ಯಂತ್ರ ಹೂತುಹೋಗುತ್ತದೆ. ಹೊಲ ಉತ್ತ ಮೇಲೆ ಗೋಡು ಹೊಡೆಯಲು ಯಾರೂ ಬರುವುದಿಲ್ಲ. ಜೂನ್‌ನಲ್ಲಿ ಬರುವ ಹಣ ಈ ವರ್ಷಕ್ಕೆ ಹಣವೇ ಅಲ್ಲ. ಪ್ರತಿ ಸಂಜೆ ಮುಗಿಲು ನೋಡುತ್ತೀರಿ, ಫೋನು ನೋಡುತ್ತೀರಿ.

ಮಾರ್ಚ್ ಮೊದಲ ವಾರ ಫೋನು ಬರುತ್ತದೆ. ಆದರೆ ಬೇರೆಯವರದು, ಒಂದು ಕಂಪನಿಯ ಸಿಎಸ್ಆರ್ ವಿಭಾಗ. ನಿಮ್ಮ ಕೆರೆಯ ವಿಷಯ ಯಾರಿಂದಲೋ ಕೇಳಿದ್ದಾರೆ. ಹಣ ಇದೆ, ಫೌಂಡೇಶನ್ನಿಗೆ ನೀವು ಕೇಳಿದ್ದಕ್ಕಿಂತ ಹೆಚ್ಚೇ ಇದೆ. ಏರಿಯ ಮೇಲೆ ಟೈಲ್ಸ್ ಹಾಕಿದ ನಡೆದಾರಿ, ಕೂರಲು ಕಲ್ಲುಬೆಂಚು, ದಾರಿಯ ತುದಿಗೆ ಕಂಪನಿ ಹೆಸರಿನ ಕಮಾನು. ಷರತ್ತು ಒಂದೇ, ಮಾರ್ಚ್ 31ರೊಳಗೆ ಮುಗಿಯಬೇಕು. ಅವರ ಅವಸರಕ್ಕೆ ಕಾರಣ ಕಾಯ್ದೆಯಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಬರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟು ಖರ್ಚು ಮಾಡಬೇಕು. ಉಳಿದದ್ದನ್ನು ಬೇರೆ ಖಾತೆಗೋ ಸರ್ಕಾರಿ ನಿಧಿಗೋ ಹಾಕಬೇಕಾಗುತ್ತದೆ. ಹಾಗಾಗಿ ವರ್ಷದ ಕೊನೆಗೆ ಹಣ ಊರು ಹುಡುಕಿಕೊಂಡು ಬರುತ್ತದೆ.

“ಸರ್, ಅದೇ ಹಣದಲ್ಲಿ ಗೋಡು ತೆಗೆಸಬಹುದಾ?” ಎಂದು ಕೇಳುತ್ತೀರಿ.

“ಗೋಡು ತೆಗೆದ್ರೆ ಫೋಟೊದಲ್ಲಿ ಗುಂಡಿ ಕಾಣುತ್ತೆ ಸರ್.” ದನಿ ಮೃದುವಾಗಿದೆ, ಆತ ಕೆಟ್ಟವನಲ್ಲ. “ನಮಗೆ ಕಣ್ಣಿಗೆ ಕಾಣೋದು ಬೇಕು. ನಾಳೆ ಹನ್ನೊಂದಕ್ಕೆ ಹೇಳಿ.”

ಆ ರಾತ್ರಿ ಅರಳಿಕಟ್ಟೆಯ ಮೇಲೆ ಸಂಘದ ಸಭೆ. ಸೊಳ್ಳೆ, ಬೀಡಿ ಹೊಗೆ. ಅರ್ಧ ಜನ ಕೈಗೆ ಬಂದದ್ದು ಬಿಡಬಾರದು ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಇಷ್ಟು ದೊಡ್ಡ ಮೊತ್ತ ಈ ಊರಿಗೆ ಎಂದೂ ಬಂದಿಲ್ಲ, ಫೌಂಡೇಶನ್ ಉತ್ತರವನ್ನೇ ಕೊಟ್ಟಿಲ್ಲ, ಮುಂದಿನ ವರ್ಷ ಯಾರು ಕಂಡರು. ಟೈಲ್ಸ್ ಹಾಕಿದ ಏರಿಯ ಮೇಲೆ ಹಿಟಾಚಿ ಇಳಿಸಲು ದಾರಿ ಇರುವುದಿಲ್ಲ ಎನ್ನುತ್ತೀರಿ ನೀವು. ಒಬ್ಬ ಹುಡುಗ ಎದ್ದು ನಿಲ್ಲುತ್ತಾನೆ: “ನಿಮ್ಮ ಹಠಕ್ಕೆ ಊರು ಹಾಳಾಗಬೇಕಾ ಮೇಷ್ಟ್ರೇ?” ಆ ಮಾತು ಎದೆಗೆ ನೇರವಾಗಿ ಬೀಳುತ್ತದೆ. ಅವನು ನಿಮ್ಮ ವಿದ್ಯಾರ್ಥಿಯೇ. ಉತ್ತರ ಹೊಳೆಯುವುದಿಲ್ಲ.

ಮಾತಾಡುವವರು ಅಧ್ಯಕ್ಷೆ. ಆ ದಿನ ಏರಿಯಿಂದ ಹೊರಟುಹೋದ ಮೇಲೆ ನಿಮ್ಮ ಜೊತೆ ಮಾತು ಬಿಟ್ಟವರು. “ನನ್ನ ಮೈದುನಂದು ಬೇಲಿ ಕೀಳಬೇಕು ಅಂತ ಮನೇಲಿ ಜಗಳ ಆಡಿದ್ದೀನಿ,” ಎನ್ನುತ್ತಾರೆ. “ಕೆರೆಗೆ ನೀರು ಬರ್ಲಿ ಅಂತ ಆಡ್ದೆ. ಕಮಾನಿಗೆ ಅಂತ ಆಡ್ಲಿಲ್ಲ.” ಕೈ ಎತ್ತಿಸಿ ಎಣಿಸುತ್ತೀರಿ. ಬೇಡ ಎನ್ನುವವರೇ ಹೆಚ್ಚು, ಬರೀ ಮೂರು ಕೈಯಷ್ಟು. ಆ ಹುಡುಗ ಮತ್ತು ಇನ್ನಿಬ್ಬರು ಕಟ್ಟೆ ಇಳಿದು ಹೊರಟುಹೋಗುತ್ತಾರೆ. ಹನ್ನೊಂದು ಗಂಟೆಗೆ ಫೋನು ಮಾಡಿ ಬೇಡವೆಂದು ಹೇಳುವಾಗ ನಿಮ್ಮ ದನಿ ನಡುಗುತ್ತದೆ. ಫೋನಿಟ್ಟ ಮೇಲೆ ಬಹಳ ಹೊತ್ತು ಕೈಯೂ ನಡುಗುತ್ತಿರುತ್ತದೆ. ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಊಟದ ಜೊತೆ ಒಳಗೆ ಇಳಿಯುತ್ತದೆ, ಇಳಿದು ಅಲ್ಲೇ ಕೂರುತ್ತದೆ.

ಯುಗಾದಿಯ ಹೊತ್ತಿಗೆ ಬೆಂಗಳೂರಿನ ಫೋನು.

“ಸರ್, ಒಪ್ಪಿಗೆ ಆಗಿದೆ. ಪೂರ್ತಿ ಅಲ್ಲ. ಈ ವರ್ಷ ಕೆರೆ ಅಂಗಳ, ತೂಬು, ನಿಮ್ಮ ಉಸ್ತುವಾರಿ ಸಿಬ್ಬಂದಿ. ಪೋಷಕ ಕಾಲುವೆಗೆ ಹಣ ಇಲ್ಲ.”

ನಿಂತಲ್ಲೇ ಕೂರುತ್ತೀರಿ. ಹುಡುಗಿಯ ಸಂಬಳ ಉಳಿದಿದೆ. ಕಾಲುವೆ ಹೋಗಿದೆ. ಸರಿ ಮೇಡಂ, ಹೇಗೋ ಮಾಡಿಕೊಳ್ಳುತ್ತೇವೆ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿದೆ. ಅದನ್ನು ನುಂಗಿ. ಕಡಿಮೆ ಹಣಕ್ಕೆ ಮೊದಲಿನಷ್ಟೇ ಕೆಲಸ ಒಪ್ಪಿಕೊಂಡ ಸಂಘಗಳು ವರ್ಷದ ಕೊನೆಗೆ ಸುಳ್ಳು ವರದಿ ಬರೆಯಲು ಕೂರಬೇಕಾಗುತ್ತದೆ.

“ಹಾಗಾದರೆ ಕರಾರಿನಿಂದ ಕಾಲುವೆಯನ್ನು ತೆಗೆಯಿರಿ ಮೇಡಂ. ಅದರಿಂದ ನೀರು ಪಡೆಯುವ ಮನೆಗಳ ಲೆಕ್ಕವನ್ನೂ ತೆಗೆಯಿರಿ. ಮೊದಲ ಕಂತು ಏಪ್ರಿಲ್ ಹದಿನೈದರೊಳಗೆ ಬರಬೇಕು, ಇಲ್ಲದಿದ್ದರೆ ಮಳೆಗೆ ಮುಂಚೆ ಆಗಲ್ಲ.”

ಆ ಕಡೆ ಮೌನ. ಕೀಲಿ ಒತ್ತುವ ಸದ್ದು. “ತಿದ್ದಿ ಕಳಿಸ್ತೀನಿ. ಎರಡನೇ ಕಂತು ಮೊದಲನೇದರ ಲೆಕ್ಕ ಬಂದ ಮೇಲೆ.”

“ಆಯ್ತು.”

ಸಂಜೆ ಕೆಳಹಟ್ಟಿಗೆ ನಡೆದು ಹೋಗುತ್ತೀರಿ. ಪೋಷಕ ಕಾಲುವೆ ಹಾದುಹೋಗುವುದು ಇವರ ಹೊಲಗಳ ಪಕ್ಕದಲ್ಲಿ. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಹಲವರು ಇಲ್ಲಿಯವರು. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಮನೆಯ ಮುಂದೆ ಹುಣಸೆಹಣ್ಣು ಬಡಿಯುತ್ತಿದ್ದಾರೆ, ಹುಳಿವಾಸನೆ ಗಾಳಿಯಲ್ಲಿದೆ. ಸಂಗತಿ ಹೇಳುತ್ತೀರಿ, ಸುತ್ತು ಬಳಸದೆ. ಈ ವರ್ಷ ನಿಮ್ಮ ಕಾಲುವೆ ಇಲ್ಲ.

ಬಡಿಯುವ ಸದ್ದು ನಿಲ್ಲುತ್ತದೆ. ಸ್ವಸಹಾಯ ಸಂಘದ ಪ್ರತಿನಿಧಿ ಅಕ್ಕ ಕೋಲು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬರುತ್ತಾರೆ.

“ಅವ್ರು ನಿಮ್ಮ ಹತ್ರ ಏನು ಬರೆಸ್ಕೊಂಡ್ರು ಮೇಷ್ಟ್ರೇ?”

ಎಷ್ಟು ಲೋಡು, ಯಾವ ದಿನದೊಳಗೆ, ಖರ್ಚಿನ ಲೆಕ್ಕ ಯಾವಾಗ ಎಂದು ವಿವರಿಸುತ್ತೀರಿ.

“ಅಂಗಾರೆ ನಮಗೂ ಬರೆದುಕೊಡಿ. ಕಾಲುವೆಗೆ ದುಡ್ಡು ಎಲ್ಲೆಲ್ಲಿ ಕೇಳ್ತೀರಿ, ಯಾವಾಗ ಕೇಳ್ತೀರಿ. ಕೆರೆ ಲೆಕ್ಕಾನ ಇಲ್ಲಿಗೆ ಬಂದು ಓದ್ಬೇಕು, ಬರೀ ಗ್ರಾಮಸಭೇಲಿ ಅಲ್ಲ. ಒತ್ತುವರಿ ಬಿಡಿಸಿದ ಜಾಗದ ಗೋಡು ಮೊದಲು ಯಾರ ಹೊಲಕ್ಕೆ ಅಂತಾನೂ ಬರೀರಿ.”

ನೋಟ್‌ಬುಕ್ಕು ತೆಗೆದು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತೀರಿ. ಒಂದೊಂದಾಗಿ ಬರೆಯುತ್ತೀರಿ, ಬರೆದದ್ದನ್ನು ಗಟ್ಟಿಯಾಗಿ ಓದುತ್ತೀರಿ. ಅವರು ಎರಡು ಕಡೆ ತಿದ್ದಿಸುತ್ತಾರೆ. ಸಹಿ ಹಾಕುತ್ತೀರಿ.

“ತಾರೀಖು?” ಎನ್ನುತ್ತಾರೆ ಅಕ್ಕ.